ಕಲಾಯಿ ಮುಟ್ಟದ ಭಾನುವಾರ

ಮದುವೆಯಾಗುವುದಿಲ್ಲ ಎಂದು ಭೀಷ್ಮ ಪ್ರತಿಜ್ಞೆ ಮಾಡಿದ್ದು ದೊಡ್ಡ ಮಾತೇನಲ್ಲ. ಮದುವೆಯಾದ ಮೇಲೆ ಹೆಂಡತಿಯ ಎದುರು ಪ್ರತಿಜ್ಞೆ ಮಾಡಿ ಉಳಿಸಿಕೊಳ್ಳಬೇಕು, ಆಗ ಗಂಡಸು! ನಾನು ಮಾಡಿದೆ. ಉಳಿಸಿಕೊಂಡೆ ಕೂಡ. ಅದರಿಂದ ನನಗೆ ಒದಗಿದ ಗತಿಯನ್ನೇ ಈಗ ಹೇಳಹೊರಟಿದ್ದೇನೆ.

ನಾನು ಶಿರಾದ ನಬೀ ಸಾಬ್, ಕಲಾಯಿ ಹಾಕುವವನು. ತಾಮ್ರ, ಹಿತ್ತಾಳೆ ಪಾತ್ರೆಗಳ ಒಳಗೆ ತವರ ಬಳಿದು ಬೆಳ್ಳಿಯಂತೆ ಹೊಳೆಯಿಸುವ ಈ ವಿದ್ಯೆಯಲ್ಲಿ ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡ ನಾಲ್ಕು ತಾಲ್ಲೂಕಿಗೂ ನನ್ನ ಸಮ ಇನ್ನೊಬ್ಬನಿಲ್ಲ. ಈ ಮಾತನ್ನು ಬೇರೆಯವರು ಹೇಳಲಿ ಎಂದು ಕಾದು ಕಾದು ಸಾಕಾಗಿ ನಾನೇ ಹೇಳಿಕೊಳ್ಳುತ್ತಿದ್ದೇನೆ.

ತೊಂದರೆ ಏನೆಂದರೆ, ಎಲ್ಲಿಗೆ ಹೋದರೂ ನನ್ನ ಕಣ್ಣು ಮೊದಲು ಪಾತ್ರೆಯ ಹೊಟ್ಟೆಗೆ ಇಳಿಯುತ್ತದೆ. ಭಾಮೈದನ ಮದುವೆಗೆಂದು ಕೊರಟಗೆರೆಗೆ ಹೋದವನು, ಖಾಜಿ ನಿಕಾಹ್ ಓದುವ ಹೊತ್ತಿಗೆ ಹಿತ್ತಿಲಲ್ಲಿ ಕೂತು ಬಿರಿಯಾನಿ ಪಾತ್ರೆಗೆ ಕಲಾಯಿ ಹಾಕುತ್ತಿದ್ದೆ. ಮದುವೆಯ ಫೋಟೋದಲ್ಲಿ ಎಲ್ಲರೂ ಇದ್ದಾರೆ, ನಾನಿಲ್ಲ. ಹಿಂದುಗಡೆ ಒಂದಿಷ್ಟು ಬಿಳಿ ಹೊಗೆ ಇದೆ. ನನ್ನ ಹೆಂಡತಿ ಹಮೀದಾ ಬಂದವರಿಗೆಲ್ಲ ಆ ಹೊಗೆಯ ಮೇಲೆ ಬೆರಳಿಟ್ಟು, ಇವರೇ ನಮ್ಮ ಮನೆಯವರು ಎಂದು ಪರಿಚಯ ಮಾಡಿಕೊಡುತ್ತಾಳೆ.

ನಮ್ಮ ಮನೆಮಾತು ಉರ್ದು. ಜಗಳ ಮಾತ್ರ ಕನ್ನಡದಲ್ಲಿ. ಅಕ್ಕಪಕ್ಕದವರಿಗೂ ಅರ್ಥವಾದರೆ ನ್ಯಾಯ ತನ್ನ ಕಡೆಗೆ ಬರುತ್ತದೆ ಎಂಬುದು ಹಮೀದಾಳ ನಂಬಿಕೆ. ನಾನು ಪ್ರತಿಜ್ಞೆ ಮಾಡಿದ ದಿನವೂ ಕನ್ನಡದಲ್ಲೇ ಶುರುವಾಯಿತು. ಇಪ್ಪತ್ತು ವರ್ಷದಿಂದ ನಿಮ್ಮ ಪಕ್ಕದಲ್ಲಿ ಕೂತು ತಿದಿ ಒತ್ತಿ ಹೊಗೆ ಕುಡಿದದ್ದೇ ಬಂತು, ಒಂದು ದಿನ ಗಂಡನ ಜೊತೆ ಮನುಷ್ಯರ ಹಾಗೆ ಎಲ್ಲಿಗಾದರೂ ಹೋಗಿ ಊಟ ಮಾಡಿದ್ದಿಲ್ಲ ಎಂದಳು. ನನಗೆ ನಿಜವಾಗಿಯೂ ನಾಚಿಕೆಯಾಯಿತು. ಎದ್ದು ನಿಂತು ಘೋಷಿಸಿಬಿಟ್ಟೆ: ಬರುವ ಭಾನುವಾರ ಮಧುಗಿರಿಗೆ ಪ್ರಯಾಣ, ಹೊಸಿಲು ದಾಟಿದಾಗಿನಿಂದ ಮರಳಿ ಬರುವವರೆಗೆ ಒಂದು ಪಾತ್ರೆಯನ್ನೂ ಮುಟ್ಟುವುದಿಲ್ಲ, ಕಲಾಯಿ ಎಂಬ ಮಾತೂ ಬಾಯಿಂದ ಹೊರಡುವುದಿಲ್ಲ!

ಮಧುಗಿರಿ ಬೆಟ್ಟದ ಬುಡದಲ್ಲಿ ನಿವೃತ್ತ ಶಿರಸ್ತೇದಾರ್ ಸಂಜೀವಯ್ಯನವರು ಮುತ್ತಜ್ಜನ ತೊಟ್ಟಿಮನೆಯನ್ನು ರಿಪೇರಿ ಮಾಡಿಸಿ, ಮುಂದೆ ಮ್ಯೂಸಿಯಂ, ಹಿಂದೆ ಹೋಟೆಲು ಇಟ್ಟಿದ್ದರು. ನಾವು ಹೋದದ್ದು ಅಲ್ಲಿಗೆ. ಹೋಟೆಲಿನ ಕಾನೂನು ಒಂದೇ: ಮುತ್ತಜ್ಜ ಕಾಣದ್ದು ಗಿರಾಕಿಗೂ ಇಲ್ಲ. ಹಾಗಾಗಿ ಕಾಫಿ ಇಲ್ಲ, ಆಲೂಗಡ್ಡೆ ಇಲ್ಲ, ಬೆಂಚು ಇಲ್ಲ. ನಮ್ಮ ಕಣ್ಣೆದುರೇ ಒಬ್ಬರು ತಲೆನೋವು, ಅರ್ಧ ಲೋಟ ಕಾಫಿ ಕೊಡಿ ಎಂದು ಬೇಡಿಕೊಂಡರು. ಸಂಜೀವಯ್ಯನವರು ಅವರಿಗೆ ಅರ್ಧ ಗಂಟೆ ಇತಿಹಾಸ ಕೊಟ್ಟರು.

ಮ್ಯೂಸಿಯಮ್ಮಿನಲ್ಲಿ ಬೀಸುವ ಕಲ್ಲು, ಒನಕೆ, ಕೊಳಗ, ಲಾಟೀನು, ಎಲ್ಲಕ್ಕೂ ಒಂದೊಂದು ನಂಬರು. ಹಮೀದಾ ಭಕ್ತಿಯಿಂದ ನೋಡಲು ಹೊರಟವಳು, ಇದು ನಮ್ಮನೇಲೂ ಐತೆ, ಇದೂ ಐತೆ ಎನ್ನುತ್ತಾ ಹನ್ನೆರಡನೇ ನಂಬರಿಗೆ ಬರುವಷ್ಟರಲ್ಲಿ, ತಾನು ಸಂಸಾರ ಮಾಡುತ್ತಿರುವುದು ಮನೆಯಲ್ಲೋ ಮ್ಯೂಸಿಯಮ್ಮಿನಲ್ಲೋ ಎಂದು ಅನುಮಾನಕ್ಕೆ ಬಿದ್ದಳು. ಇಪ್ಪತ್ತಮೂರನೇ ನಂಬರಿನ ಜಾಗ ಮಾತ್ರ ಖಾಲಿ ಇತ್ತು. ಅಲ್ಲೊಂದು ಚೀಟಿ: ‘ತಾಮ್ರದ ಕೊಪ್ಪರಿಗೆ. ನೂರೈವತ್ತು ವರ್ಷ ಹಳೆಯದು. ಅಡುಗೆಗೆ ಹೋಗಿದೆ.’

ಅದರ ಹೊಟ್ಟೆಯಲ್ಲಿ ತವರ ಉಳಿದಿದೆಯೋ ಇಲ್ಲವೋ! ಕೋಟಿನ ಜೇಬಿನಲ್ಲಿ ಎರಡೂ ಕೈ ತುರುಕಿಕೊಂಡು ಊಟಕ್ಕೆ ಹೋದೆ.

ನಲವತ್ತು ಜನ ಎಲೆಯ ಮುಂದೆ ಕೂತಿದ್ದರು. ಮುದ್ದೆ ಬಿತ್ತು. ಅಡುಗೆಯ ದೊಡ್ಡರಂಗಪ್ಪ ಹುಳಿಸಾರಿನ ಬಕೆಟ್ಟು ಹಿಡಿದು ಬಂದ. ಕೊಪ್ಪರಿಗೆಯಿಂದ ಸಾರು ಮೊಗೆದ ಸೌಟಿನ ಅಂಚಿನಲ್ಲಿ ತೆಳ್ಳಗೆ ಹಸಿರು! ಒಳಗಿನ ತವರವೆಲ್ಲ ಸವೆದುಹೋದ ತಾಮ್ರದಲ್ಲಿ ಹುಣಸೆಹುಳಿ ಕುದಿಸಿದರೆ ಸಾರಿಗೆ ಕಿಲುಬು ಇಳಿಯುತ್ತದೆ. ಉಂಡವರು ಸಂಜೆಯೊಳಗೆ ವಾಂತಿ ಮಾಡಿಕೊಂಡು ಮಲಗುತ್ತಾರೆ. ಬಾಯಿ ಬಿಟ್ಟರೆ ಹೆಂಡತಿಗೆ ಕೊಟ್ಟ ಮಾತು ಹೋಗುತ್ತದೆ. ಬಿಡದಿದ್ದರೆ ನಲವತ್ತು ಹೊಟ್ಟೆ ಕೆಡುತ್ತವೆ. ಇಪ್ಪತ್ತು ವರ್ಷಕ್ಕೊಮ್ಮೆ ಬಂದ ಅವಳ ಭಾನುವಾರ ನನ್ನ ಬಾಯಿಂದಲೇ ಹಾಳಾಗಬೇಕಲ್ಲ ಎಂದು ಸಂಕಟವಾಯಿತು. ಆದರೂ ಜೀವ ದೊಡ್ಡದು. ಬಾಯಿ ತೆರೆದೆ.

ನನ್ನ ಸ್ವರ ಹೊರಡುವ ಮೊದಲೇ ಹಮೀದಾ ಎದ್ದು ನಿಂತಿದ್ದಳು. "ಯಾರೂ ಸಾರು ಮುಟ್ಬ್ಯಾಡಿ. ಪಾತ್ರೆ ಕಲಾಯಿ ಹೋಗೈತೆ."

ಸಂಜೀವಯ್ಯನವರು ಓಡಿ ಬಂದರು. ಅದು ಕಿಲುಬಲ್ಲ, ನೂರೈವತ್ತು ವರ್ಷದ ಬಣ್ಣ, ಇತಿಹಾಸ, ಅದನ್ನು ಉಜ್ಜಲು ಪ್ರಾಣ ಹೋದರೂ ಬಿಡುವುದಿಲ್ಲ ಎಂದರು.

"ಸ್ವಾಮಿ, ನಿಮ್ ಮುತ್ತಜ್ಜ ಇದ್ರಲ್ಲಿ ಇಂಗೇ ಉಂಡಿದ್ರೆ ನೀವು ಹುಟ್ತಾನೇ ಇರ್ಲಿಲ್ಲ" ಎಂದಳು ಹಮೀದಾ.

ಶಿರಸ್ತೇದಾರರು ಈ ಕಡತವನ್ನು ಒಂದು ನಿಮಿಷ ಪರಿಶೀಲಿಸಿ ಒಪ್ಪಿಬಿಟ್ಟರು. ಸಾರು ಗುಂಡಿಗೆ ಹೋಯಿತು. ಅಷ್ಟು ಜನಕ್ಕೆ ಆಗುವ ಬೇರೆ ಪಾತ್ರೆ ಇರಲಿಲ್ಲ. ಹಸಿದ ನಲವತ್ತು ಜನ ಹಿತ್ತಿಲಿಗೆ ಬಂದು ನಿಂತರು. ಹಮೀದಾ ಸೆರಗಿನ ಗಂಟು ಬಿಚ್ಚಿದಳು. ಒಳಗೆ ತವರದ ಕಡ್ಡಿ, ನವಸಾಗರದ ಪೊಟ್ಟಣ, ಒಂದು ಹಿಡಿ ಹತ್ತಿ! ಇದನ್ನೇಕೆ ತಂದೆ ಎಂದು ಕೇಳಿದೆ.

"ನಿಮ್ಮನ್ನ ನಾನು ಕಾಣೆನಾ? ಮಧ್ಯಾಹ್ನಕ್ಕೇ ಸೋಲ್ತೀರ ಅಂತ ತಂದಿದ್ದೆ."

ಅವಮಾನವಾದರೂ ನನ್ನ ಕೈ ತಾನಾಗಿ ಮುಂದೆ ಹೋಯಿತು. ಅವಳು ಗಂಟನ್ನು ಹಿಂದಕ್ಕೆ ಎಳೆದುಕೊಂಡಳು. "ಬ್ಯಾಡ. ಮಾತು ಕೊಟ್ಟಿದ್ದೀರ, ಉಳಿಸ್ಕಳಿ. ತಿದಿ ಬೇಕಾದ್ರೆ ಒತ್ತಿ, ತಿದಿ ಪಾತ್ರೆ ಅಲ್ಲ."

ಮ್ಯೂಸಿಯಮ್ಮಿನಿಂದ ಮೂವತ್ತೊಂದನೇ ನಂಬರು, ಕಮ್ಮಾರನ ತಿದಿ, ಹಿತ್ತಿಲಿಗೆ ಇಳಿಯಿತು. ಆದರೆ ಕಲಾಯಿಗೆ ಮುಂಚೆ ಕೊಪ್ಪರಿಗೆಯೊಳಗೆ ಮರಳು ಹಾಕಿ, ಬರಿಗಾಲಲ್ಲಿ ನಿಂತು, ಸೊಂಟ ತಿರುಗಿಸಿ ತಿರುಗಿಸಿ ಕಿಲುಬು ಉಜ್ಜಬೇಕು. ದೊಡ್ಡರಂಗಪ್ಪ ಬೇಳೆ ತೊಳೆಯುತ್ತಿದ್ದ, ಹಮೀದಾ ಒಲೆ ಹೂಡುತ್ತಿದ್ದಳು. ನನ್ನ ಕಾಲಿಗೂ ಪ್ರತಿಜ್ಞೆಯಿತ್ತು. ಉಳಿದವರು ಮನೆಯ ಯಜಮಾನರು. ಮೂವತ್ತು ವರ್ಷ ತಾಲ್ಲೂಕು ಕಚೇರಿಯನ್ನು ಕಿರುಬೆರಳಲ್ಲಿ ಕುಣಿಸಿದ ಸಂಜೀವಯ್ಯನವರು ಪಂಚೆ ಎತ್ತಿ ಕಟ್ಟಿ, ಸೀಬೆಮರದ ಕೊಂಬೆ ಹಿಡಿದು, ಮುತ್ತಜ್ಜನ ಕೊಪ್ಪರಿಗೆಯಲ್ಲಿ ಕುಣಿದರು! ಜನ ಹಸಿವು ಮರೆತು ತಾಳ ಹಾಕಿದರು. ಕಾಫಿ ಕೇಳಿದ್ದವರ ತಲೆನೋವು ಅಲ್ಲೇ ವಾಸಿಯಾಯಿತು.

ಕೆಂಡ ಹೊತ್ತಿತು. ನಾನು ತಿದಿ ಒತ್ತಲು ಕೂತೆ. ಬೇಗ ಒತ್ತಿದರೆ ಬೈದಳು, ನಿಧಾನ ಮಾಡಿದರೆ ಬೈದಳು. ಇಪ್ಪತ್ತು ವರ್ಷದಿಂದ ನಾನು ಅವಳಿಗೆ ಬೈದ ಬೈಗುಳಗಳೇ, ಒಂದೂ ತಪ್ಪಿಲ್ಲದೆ, ಸಾಲಾಗಿ ಬಂದವು. ಕೊಪ್ಪರಿಗೆ ಹದಕ್ಕೆ ಕಾದ ಗಳಿಗೆಯಲ್ಲಿ ನವಸಾಗರದ ಪುಡಿ ಎರಚಿದಳು. ಬಿಳಿ ಹೊಗೆ ಎದ್ದಿತು. ತವರ ತಾಗಿಸಿ ಹತ್ತಿಯಿಂದ ಒಂದು ಸುತ್ತು ಎಳೆದಳು, ಬೆಳ್ಳಿ ಹರಿಯಿತು. ಎಲ್ಲಾದರೂ ಒಂದು ಚುಕ್ಕೆ ಬಿಟ್ಟಿದ್ದಾಳೆಯೇ ಎಂದು ಕತ್ತು ಚಾಚಿ ಹುಡುಕಿದೆ. ಸಿಗಲಿಲ್ಲ. ಹೊಟ್ಟೆಯುರಿದುಹೋಯಿತು. ಅಂಥ ನಯ ನನ್ನ ಕೈಗೂ ಬಂದಿಲ್ಲ ಎಂಬುದನ್ನು ಇಲ್ಲಿ ಮಾತ್ರ ಹೇಳುತ್ತಿದ್ದೇನೆ.

ಮೂರು ಗಂಟೆಗೆ ಹೊಸ ಸಾರು ಬಿತ್ತು. ಹಮೀದಾ ಕೈತೊಳೆದು ಬಂದು ನನ್ನ ಪಕ್ಕದಲ್ಲಿ ಕೂತು ಎರಡು ಮುದ್ದೆ ಉಂಡಳು. ಮೈಯೆಲ್ಲ ಮಸಿ, ಮುಖದ ತುಂಬ ನಗು. ಅವಳು ಅಷ್ಟು ಸಂತೋಷವಾಗಿ ಊಟ ಮಾಡಿದ್ದನ್ನು ನಾನು ಅದೇ ಮೊದಲು ನೋಡಿದ್ದು. ನನಗೂ ಖುಷಿಯಾಯಿತು. ಬಸ್ಸಿನಲ್ಲಿ ದಾರಿಯುದ್ದಕ್ಕೂ, ಹೆಂಗೆ ಉಳಿಸಿಕೊಂಡೆ ನೋಡು ಮಾತು ಎಂದು ಮೀಸೆ ತಿರುವಿದೆ. ಅವಳು ಹೂಂ ಎನ್ನುತ್ತಲೇ ನಿದ್ದೆ ಹೋದಳು.

ಮಾರನೆಯ ದಿನ ಅಂಗಡಿ ತೆಗೆಯುವಷ್ಟರಲ್ಲಿ ದೊಡ್ಡರಂಗಪ್ಪ ಮೊದಲ ಬಸ್ಸಿಗೇ ಬಂದು ನಿಂತಿದ್ದ. ತಲೆಯ ಮೇಲೆ ಮ್ಯೂಸಿಯಮ್ಮಿನ ಆರು ಪಾತ್ರೆ, ನಂಬರು ಸಮೇತ. ಕಾಲ ಬುಡಕ್ಕೆ ವ್ಯಾಪಾರ! ಎದ್ದು ಗೋಣಿ ಹಾಸಿ, ಇಳಿಸಪ್ಪ, ಸಂಜೆಗೆ ಕನ್ನಡಿ ಮಾಡಿಕೊಡುತ್ತೇನೆ ಎಂದೆ. ಅವನು ಇಳಿಸಲಿಲ್ಲ. ನನ್ನ ಭುಜದ ಮೇಲಿಂದ ಒಳಕ್ಕೆ ಇಣುಕಿದ.

"ಅಮ್ಮಾರಿಲ್ವಾ?"

ಅವಳು ಒಲೆ ಮುಂದಿದ್ದಾಳೆ, ಕೆಲಸ ಮಾಡುವವನು ನಾನೇ, ಕೊಡು ಎಂದು ಕೈ ಚಾಚಿದೆ. ದೊಡ್ಡರಂಗಪ್ಪ ಎರಡು ಹೆಜ್ಜೆ ಹಿಂದೆ ಸರಿದ.

"ಬ್ಯಾಡಿ ಸಾಬ್ರೆ, ತಪ್ಪು ತಿಳ್ಕಬ್ಯಾಡಿ. ಅಮ್ಮಾರ ಕೈಗೇ ಕೊಟ್ಟು ಬಾ, ತಿದಿ ಒತ್ತೋನ ಕೈಗೆ ಮಾತ್ರ ಕೊಡ್ಬ್ಯಾಡ ಅಂತ ಅಯ್ನೋರು ಹೇಳಿ ಕಳ್ಸವ್ರೆ."