ಚೀಲ ಹಿಡಿದ ವಾಕಿಂಗು

ಆ ಕೈಚೀಲ ಒಂದು ಇರದಿದ್ದರೆ ರಘೋತ್ತಮರಾಯರು ಈಗಲೂ ಬ್ಯಾಡಗಿಯಲ್ಲಿ ತಲೆ ಎತ್ತಿಕೊಂಡು ತಿರುಗುತ್ತಿದ್ದರು.

ಹಾವೇರಿಯ ಡಾಕ್ಟರು ರಾಯರ ಹೆಂಡತಿ ಮಥುರಾಬಾಯಿಯ ರಟ್ಟೆಗೆ ಪಟ್ಟಿ ಸುತ್ತಿ, ಗಾಳಿ ಬಿಟ್ಟು, ಹುಬ್ಬು ಗಂಟಿಕ್ಕಿದ್ದರು. “ಬಿ.ಪಿ. ಭಾಳ ಏರೇತಿ. ಮಗಳೂ ವಯಸ್ಸಿಗೆ ಮೀರಿ ದಪ್ಪ ಆಗ್ಯಾಳ. ತಾಯಿ ಮಗಳು ಕೂಡೇ ದಿನಾ ಮುಂಜಾನೆ ಬಿರುಸಾಗಿ ನಡೀಬೇಕು. ಬೆಣ್ಣಿ ಪೂರಾ ಬಂದ್. ಇಲ್ಲಾಂದ್ರ ಮುಂದ ಹಾರ್ಟಿಗೆ ತ್ರಾಸ ಆಗತೈತಿ ನೋಡ್ರಿ.”

ತಾಲೂಕು ಕಚೇರಿಯ ಗುಮಾಸ್ತರಾದ ರಾಯರಿಗೆ ಅಂದಿನಿಂದ ಸರಿಯಾಗಿ ನಿದ್ದೆಯಿಲ್ಲ. ನಳದಿಂದ ಕೊಡ ಹೊತ್ತು ತಂದ ಹೆಂಡತಿ ಕಟ್ಟೆಯ ಮೇಲೆ ಕೂತು ಏದುಸಿರು ಬಿಡುವುದನ್ನು ನೋಡಿದರೆ ಅವರು ಬೀಸಣಿಗೆ ಹಿಡಿದು ಓಡಿ ಬರುತ್ತಿದ್ದರು. ಆ ಕೊಡವನ್ನು ತಾವೇ ತರಬಹುದೆಂಬ ವಿಚಾರ ಮಾತ್ರ ಯಾವತ್ತೂ ಹೊಳೆದಿರಲಿಲ್ಲ.

“ಹೋಗೂದಿಲ್ಲ, ಬರೂದಿಲ್ಲ, ಸುಮ್ಮಸುಮ್ಮನ ಬೀದ್ಯಾಗ ನಡೀಲಿಕ್ಕೆ ನನಗೇನು ಹುಚ್ಚೇನ್ರಿ? ಮಂದಿ ಏನಂತಾರ?” ಎಂದರು ಮಥುರಾಬಾಯಿ.

“ಕೈಯಾಗ ಒಂದು ಚೀಲ ಹಿಡಕೋ. ಎಲ್ಲೋ ಕೆಲಸಕ್ಕ ಹೊಂಟಾರ ಅಂತ ತಿಳೀತಾರ.” ಉಪಾಯ ಹೊಳೆದದ್ದಕ್ಕೆ ರಾಯರು ತಮ್ಮನ್ನು ತಾವೇ ಮೆಚ್ಚಿಕೊಂಡರು.

ಹೆಂಡತಿ ಅಷ್ಟು ಲಗೂ ಒಪ್ಪಿದ್ದು ಅವರಿಗೇ ಆಶ್ಚರ್ಯ. ಮರುದಿನ ನಸುಕಿನಲ್ಲಿ ಚೀಲ ಹಿಡಿದು, ಮಗಳು ಗೋದೂನ ಕೈ ಹಿಡಿದು ಬಾಗಿಲಲ್ಲಿ ನಿಂತೇಬಿಟ್ಟಿದ್ದರು. “ನೀವು ಮಲಕೋರಿ. ನಾವಿಬ್ಬರ ಹೋಗಿ ಬರ್ತೇವಿ.”

ಇಷ್ಟು ಕಾಳಜಿಯ ಹೆಂಡತಿಯನ್ನು ಒಬ್ಬಳನ್ನೇ ಬಿಡುವುದುಂಟೆ? ರಾಯರು ಚಪ್ಪಲಿ ಮೆಟ್ಟಿ ಹಿಂದೆ ಬಿದ್ದರು. ಮಥುರಾಬಾಯಿ ಒಮ್ಮೆ ಹಿಂತಿರುಗಿ ನೋಡಿ ಹೆಜ್ಜೆ ಜೋರು ಮಾಡಿದರು.

ಅದು ಮೆಣಸಿನಕಾಯಿ ಸುಗ್ಗಿ. ಪೇಟೆಗೆ ಹೊರಟ ಟ್ರ್ಯಾಕ್ಟರುಗಳಿಂದ ಓಣಿಯ ತುಂಬ ಘಾಟು. ಬ್ಯಾಡಗಿಯಲ್ಲಿ ಹುಟ್ಟಿದವರಿಗೆ ಅದು ಗೊತ್ತೇ ಆಗುವುದಿಲ್ಲ. ಮಥುರಾಬಾಯಿ ರಾಣೇಬೆನ್ನೂರಿನ ಮಗಳು. ಇಷ್ಟು ವರ್ಷ ಸಂಸಾರ ಮಾಡಿದರೂ ಒಗ್ಗಿರಲಿಲ್ಲ. ಕಣ್ಣಲ್ಲಿ ಧಾರೆ ಇಳಿಯಿತು, ಮೂಗು ಕೆಂಪಾಯಿತು, ಗಂಟಲು ಕಟ್ಟಿತು. ಘಾಟು ತಪ್ಪಿಸಲು ಇನ್ನೂ ಜೋರಾಗಿ ನಡೆದರು. ಅದೇ ಹೊತ್ತಿಗೆ ರಾಯರ ಚಪ್ಪಲಿಯ ಉಂಗುಷ್ಟ ಕಿತ್ತಿತು. ಅದನ್ನು ಕೈಯಲ್ಲಿ ಹಿಡಿದು, ಇನ್ನೊಂದು ಕೈಯಲ್ಲಿ ಧೋತರ ಎತ್ತಿಕೊಂಡು ಓಡಿದರು. “ಮಥುರಾ, ನಿಲ್ಲು! ಹಂಗ ಹೋಗಬ್ಯಾಡ!”

ಅಂಗಳಕ್ಕೆ ಸಗಣಿನೀರು ಹಾಕುತ್ತಿದ್ದ ನೆರೆಮನೆಯ ಮಂಗಳವ್ವನಿಗೆ ಕಂಡದ್ದು ಇಷ್ಟು: ಅಳುವ ಹೆಂಡತಿ, ಕೈಯಲ್ಲಿ ಚೀಲ, ಜೊತೆಗೆ ಕೂಸು, ಹಿಂದೆ ಚಪ್ಪಲಿ ಹಿಡಿದು ಅಟ್ಟಿಸಿಕೊಂಡು ಬರುವ ಗಂಡ. ಅವಳು ಬಕೀಟು ಎಸೆದು ಮಥುರಾಬಾಯಿಯನ್ನು ತಬ್ಬಿಕೊಂಡಳು.

“ಅಯ್ಯ ಶಿವನ! ಅಳಬ್ಯಾಡ್ರಿ ಬಾಯಾರ, ನಾವಿಲ್ಲೇನು? ತವರಿಗೆ ಹೋಗೂವಂಥಾದ್ದು ಏನಾತ್ರಿ?”

ಗಳಿಗೆಯಲ್ಲಿ ಓಣಿಗೆ ಓಣಿಯೇ ಕೂಡಿತು. ಹನುಮಪ್ಪನ ಗುಡಿಯ ಕಟ್ಟೆಯಿಂದ ಓಣಿಯ ಹಿರಿಯ ಅಜ್ಜಪ್ಪ ಇಳಿದು ಬಂದ. ಮಥುರಾಬಾಯಿಗೆ ಕೆಮ್ಮಿನಲ್ಲಿ ಮಾತೇ ಹೊರಡಲಿಲ್ಲ.

“ಆಕಿ ಅಳ್ಳಿಕ್ಕೆ ಹತ್ತಿಲ್ಲೋ ಅಜ್ಜಪ್ಪಾ, ಅದು ಮೆಣಸಿನಕಾಯಿ ಘಾಟು!” ಎಂದರು ರಾಯರು.

ಅಜ್ಜಪ್ಪ ಎದೆಯುಬ್ಬಿಸಿ ಉಸಿರು ಎಳೆದುಕೊಂಡ. “ಎಲ್ಲಿ ಐತ್ರೀ ಘಾಟು? ನನಗೊಂದು ಸೀನೂ ಬರವಲ್ದು. ರಾಯರ, ನಮ್ಮೂರ ಮೆಣಸಿನಕಾಯಿ ಬಣ್ಣಕ್ಕ ಹೆಸರಾಗೈತಿ, ಖಾರಕ್ಕಲ್ಲ. ನೀವು ಮಾಡಿದ್ದನ್ನ ಅದರ ಮ್ಯಾಲೆ ಯಾಕ ಹಾಕ್ತೀರಿ? ಹೋಗ್ಲಿ, ಕೈಯಾಗಿನ ಚಪ್ಪಲಿ?”

“ಅದು ಕಿತ್ತುಹೋತು.”

“ಕಿತ್ತುಹೋಗೂ ಹಂಗ ಹೊಡದೀರೇನು!”

“ಡಾಕ್ಟರು ನಡೀರಿ ಅಂದಾರೋ ಮಾರಾಯಾ!”

“ಚೀಲ ಹಿಡಕೊಂಡು ನಡೀರಿ ಅಂದಾರ?” ಎಂದು ಮಂಗಳವ್ವ ಚೀಲ ಬಿಚ್ಚಿಯೇ ಬಿಟ್ಟಳು. ಒಳಗೆ ಬಾಳೆಲೆಯಲ್ಲಿ ಸುತ್ತಿದ ಬಿಸಿ ಬಿಸಿ ಥಾಲಿಪಟ್ಟು! “ನೋಡ್ರಿ, ಬುತ್ತಿ! ದಾರಿಗೆ ಬುತ್ತಿ ಕಟಗೊಂಡು ಹೊಂಟಾಳ ನನ್ನವ್ವ!”

ರಾಯರು ಕಣ್ಣರಳಿಸಿ ಬುತ್ತಿಯನ್ನೇ ನೋಡಿದರು. ಖಾಲಿ ಚೀಲ ಹಿಡಿ ಎಂದಿದ್ದರು. ಬುತ್ತಿ ಯಾಕೆ? ತಮ್ಮನ್ನು ಮಲಗಿರಿ ಎಂದದ್ದು ಯಾಕೆ? ಅಂದರೆ ಇವಳು ಖರೇನ ತಮ್ಮನ್ನು ಬಿಟ್ಟು ಹೊರಟಿದ್ದಳೇ? ಕೈಯಲ್ಲಿದ್ದ ಚಪ್ಪಲಿಯನ್ನು ಮೆಲ್ಲಗೆ ಕೆಳಗೆ ಹಾಕಿದರು.

ಅಜ್ಜಪ್ಪ ನ್ಯಾಯ ಹೇಳಿದ. “ಇವತ್ತಿಂದ ನಳದ ನೀರು ನೀವ ತರಬೇಕು. ಬಾಯಾರು ಎಲ್ಲಿಗೆ ಹೊಂಟ್ರೂ ಅಡ್ಡ ಬರಬಾರದು, ಬೆನ್ನು ಹತ್ತಬಾರದು. ಹನುಮಪ್ಪನ ಆಣಿ ಮಾಡ್ರಿ.” ರಾಯರು ಮಾಡಿದರು.

ಕಚೇರಿಯಲ್ಲಿ ಸುದ್ದಿ ಅವರಿಗಿಂತ ಮೊದಲೇ ಬಂದು ಕೂತಿತ್ತು. ಸಾಹೇಬರು ಒಳಗೆ ಕರೆದು, ಹೆಂಡತಿಯನ್ನು ಹೇಗೆ ನೋಡಿಕೊಳ್ಳಬೇಕೆಂದು ಊಟದ ಹೊತ್ತಿನವರೆಗೆ ಹೇಳಿದರು. ಸಂಜೆ ರಾಯರು ಅಡುಗೆಮನೆಯ ಬಾಗಿಲಲ್ಲಿ ನಿಂತು ಮೆಲ್ಲಗೆ ಕೇಳಿದರು. “ಖರೇ ಹೇಳು ಮಥುರಾ. ತವರಿಗೆ ಹೊಂಟಿದ್ದೇನು?”

ಮಥುರಾಬಾಯಿ ಒಲೆಯ ಕಡೆ ಮುಖ ತಿರುಗಿಸಿದರು. ಅವರ ಭುಜ ಅಲುಗುತ್ತಿತ್ತು. ಅಳುತ್ತಿದ್ದಾಳೆಂದುಕೊಂಡ ರಾಯರಿಗೂ ಕಣ್ಣು ತುಂಬಿ ಬಂತು.

ಮರುದಿನ ಮುಂಜಾನೆ ರಾಯರು ನಳದ ಹತ್ತಿರ ಕೊಡ ಇಟ್ಟುಕೊಂಡು ನಿಂತಿದ್ದರು. ಹೆಗಲು ಕಿತ್ತು ಬರುತ್ತಿತ್ತು. ಆಗ ಮಥುರಾಬಾಯಿ ಚೀಲ ಹಿಡಿದು, ಗೋದೂನ ಕರಕೊಂಡು ಹೊರಟರು. ಹಿಂದೆ ಮಂಗಳವ್ವ, ಅವಳ ಹಿಂದೆ ಓಣಿಯ ಹೆಂಗಸರೆಲ್ಲ. ಎಲ್ಲರ ಕೈಯಲ್ಲೂ ಚೀಲ, ಸೆರಗಿಗೆ ಮಕ್ಕಳು. ಚೀಲ ಹಿಡಿದು ಹೊಸ್ತಿಲು ದಾಟಿದರೆ ಗಂಡಸರು ಮೆತ್ತಗಾಗುತ್ತಾರೆಂದು ಎಲ್ಲರಿಗೂ ಗೊತ್ತಾಗಿತ್ತು. ಬಿರುಬಿರನೆ ಕಾಗಿನೆಲೆ ರಸ್ತೆ ಹಿಡಿದರು.

“ನಿಮ್ಮಿಂದ ಆತ್ರಿ ಇದೆಲ್ಲಾ,” ಎಂದು ಮಂಗಳವ್ವನ ಗಂಡ ಮಾಲತೇಶಪ್ಪ ಖಾಲಿ ಕೊಡ ಕುಕ್ಕಿದ. ಅವನ ಹಿಂದೆ ಓಣಿಯ ಗಂಡಸರು ಪಾಳಿ ಹಚ್ಚಿ ನಿಂತಿದ್ದರು. ಎಲ್ಲರೂ ರಾಯರನ್ನು ನುಂಗುವ ಹಾಗೆ ನೋಡುತ್ತಿದ್ದರು.

ಆದರೂ ರಾಯರಿಗೆ ಒಳಗೊಳಗೇ ಸಮಾಧಾನ. ಮಾನ ಹೋದರೆ ಹೋಗಲಿ, ಅವಳ ಹೃದಯ ಗಟ್ಟಿಯಾಗುತ್ತದಲ್ಲ! ಇಡೀ ಓಣಿಯ ತಾಯಂದಿರು, ಮಕ್ಕಳು ನಡೆಯುತ್ತಿದ್ದಾರಲ್ಲ! ಹಾವೇರಿಯ ಡಾಕ್ಟರು ಒಮ್ಮೆ ಇದನ್ನು ನೋಡಬೇಕಿತ್ತು ಎಂದುಕೊಂಡು, ಸೊಂಟ ಹಿಡಿದುಕೊಂಡೇ ಮತ್ತೊಂದು ಕೊಡ ಎತ್ತಿದರು.

ಅಷ್ಟರಲ್ಲಿ ಗೋದೂ ಏದುಸಿರು ಬಿಡುತ್ತ ವಾಪಸು ಓಡಿ ಬಂದಳು.

“ಅಪ್ಪಾ, ಅಕ್ಕಿ ಡಬ್ಬಿ ಹಿಂದ ಬೆಣ್ಣಿ ಗಡಿಗಿ ಅದ, ಲಗೂ ಕೊಡು. ಅವ್ವ ಮರತು ಬಂದಾಳ. ಎಲ್ಲಾರೂ ಹುಣಸೀಗಿಡದ ಕೆಳಗ ಬುತ್ತಿ ಬಿಚ್ಚಿಕೊಂಡು ಕೂತಾರ. ನಿನ್ನೆನೂ ಅಲ್ಲೇ ತಿನ್ನೂದಿತ್ತು, ನೀ ಸುಮ್ಮನ ಬೆನ್ನು ಹತ್ತಿ ಬಂದಿ.”