ನಿದ್ದೆ ಬಾರದವರಿಗೆ ಹೇಳಿದ ಕಥೆ

ವಯಸ್ಸಾದ ಹೆಂಗಸಿಗೆ ಮೊಣಕಾಲು ನೋವು ಎಷ್ಟು ಖಂಡಿತವೋ, ಕಥೆ ಹೇಳಲು ಬರುವುದೂ ಅಷ್ಟೇ ಖಂಡಿತ ಎಂದು ಜನ ನಂಬಿದ್ದಾರೆ. ಮೊದಲನೆಯದು ನನಗೆ ಧಾರಾಳವಾಗಿದೆ. ಎರಡನೆಯದೂ ಇದೆಯೆಂದು ಮೊನ್ನೆಯವರೆಗೆ ನಾನೇ ನಂಬಿದ್ದೆ. ಮಕ್ಕಳೇ, ನಿಮ್ಮ ಅಪ್ಪಂದಿರೂ ನೀವೂ ನನ್ನ ಕಥೆ ಕೇಳಿಯೇ ಬೆಳೆದವರು. ಒಬ್ಬರೂ ಯಾವತ್ತೂ ದೂರಲಿಲ್ಲ. ದೂರುವುದಕ್ಕೆ ಎಚ್ಚರವಾಗಿರಬೇಕು ಎಂಬುದು ನನಗೆ ಹೊಳೆದಿರಲಿಲ್ಲ.

ನಿಮ್ಮಲ್ಲಿ ಹಿರಿಯಳಾದ ಧನ್ಯ ಸುಂಟಿಕೊಪ್ಪದಲ್ಲಿ ನಮ್ಮೊಂದಿಗೇ ಇದ್ದು ಮಡಿಕೇರಿಯ ಶಾಲೆಗೆ ಬಸ್ಸಿನಲ್ಲಿ ಹೋಗಿ ಪಾಠ ಮಾಡಿ ಬರುತ್ತಾಳಲ್ಲ, ಅವಳು ಗೆಳತಿಯರ ಜೊತೆ ಸೇರಿ ತಿಂಗಳಿಗೊಂದು ಭಾನುವಾರ ಮೊಬೈಲಿನಲ್ಲಿ ಒಂದು ಕೂಟ ನಡೆಸುತ್ತಾಳೆ. ಅದರ ಹೆಸರು ‘ಆಸ್ಥಾನ’. ಹಿಂದೆ ರಾಜರ ಮುಂದೆ ಕಥೆ, ಹಾಡು, ಕಾವ್ಯ ಹೇಳುತ್ತಿದ್ದರಂತಲ್ಲ, ಹಾಗೆ ಇವರೂ ಊರೂರಿನಲ್ಲಿ ಕುಳಿತು ಹೇಳುತ್ತಾರೆ. ಕೆಲವರು ವೇಷವನ್ನೂ ಹಾಕುತ್ತಾರೆ. ಒಬ್ಬರಂತೂ ರಟ್ಟಿನ ಕಿರೀಟ ಇಟ್ಟುಕೊಂಡು ಕೂರುತ್ತಾರೆ, ಹಿಂದೆ ಗ್ಯಾಸ್ ಸಿಲಿಂಡರ್ ಕಾಣುತ್ತದೆ. ರಾಜರಿಗೂ ಈಗ ಅಡುಗೆಮನೆಯಲ್ಲಿ ಮಾತ್ರ ಸಿಗ್ನಲ್ಲು.

“ಅಜ್ಜಿ, ಈ ಸಲ ನೀನು ಕುಂಬಾರನ ಮಗಳ ಕಥೆ ಹೇಳ್ಬೇಕು,” ಎಂದಳು ಧನ್ಯ.

“ನಂಗೆ ಜನರ ಮುಂದೆ ಬಾಯಿ ಬರಲ್ಲ ಕಣೇ.”

“ಜನ ಎಲ್ಲಿದಾರೆ? ಫೋನಿನ ಮುಂದೆ ಹೇಳೋದು. ಹೆಸರು ಕೊಟ್ಟಾಗಿದೆ. ಈಗ ಇಲ್ಲ ಅಂದ್ರೆ ನನ್ನ ಮಾನ ಹೋಗ್ತದೆ.”

ಅವಳ ಮಾನ ನನ್ನ ಕೈಗೆ ಬಂದದ್ದು ಹೀಗೆ. ಮರುದಿನ ಅವರೆಕಾಯಿ ಸುಲಿಯುತ್ತಾ ಕಥೆಯನ್ನು ಮನಸ್ಸಿನಲ್ಲೇ ನಡೆಸಿ ನೋಡಿದೆ. ಒಬ್ಬ ರಾಜ. ‘ನನ್ನ ರಾಜ್ಯದಲ್ಲಿ ಇಲ್ಲದ್ದನ್ನು ಮಡಕೆಯಲ್ಲಿ ತುಂಬಿ ತಂದವರಿಗೆ ಅರ್ಧ ರಾಜ್ಯ’ ಎಂದು ಡಂಗುರ ಸಾರಿಸುತ್ತಾನೆ. ಕುಂಬಾರನ ಮಗಳು ಒಂದು ಮಡಕೆಯ ಬಾಯಿಗೆ ಮಣ್ಣು ಮೆತ್ತಿ, ತಲೆಯ ಮೇಲಿಟ್ಟುಕೊಂಡು ಏಳು ಬೆಟ್ಟ ದಾಟುತ್ತಾಳೆ. ಅರಮನೆಗೆ ಬರುತ್ತಾಳೆ. ರಾಜ ‘ಒಡೆ’ ಎನ್ನುತ್ತಾನೆ. ಒಡೆದರೆ ಒಳಗೆ...

ಒಳಗೆ ಏನಿತ್ತೆಂದು ನನಗೆ ಗೊತ್ತಿರಲಿಲ್ಲ. ಅವರೆಕಾಯಿ ಕೈಯಲ್ಲೇ ಉಳಿಯಿತು. ಅವ್ವ ಈ ಕಥೆ ಹೇಳುವಾಗ ನಾನು ಐದನೇ ಬೆಟ್ಟದಲ್ಲಿ ನಿದ್ದೆ ಹೋಗುತ್ತಿದ್ದೆ. ಜ್ವರ ಬಂದಾಗ ಒಂದು ಸಲ ಅರಮನೆಯ ಬಾಗಿಲವರೆಗೆ ಹೋಗಿದ್ದೆ, ಅಷ್ಟೇ. ಆಮೇಲೆ ನಾನೇ ಹೇಳತೊಡಗಿದಾಗ ನಿಮ್ಮ ಅಪ್ಪಂದಿರು ನಾಲ್ಕನೇ ಬೆಟ್ಟ ದಾಟಲಿಲ್ಲ, ನೀವು ಮೂರನ್ನೇ ದಾಟಲಿಲ್ಲ. ಒಬ್ಬರೂ ಹತ್ತದ ಅಟ್ಟದಲ್ಲಿ ಸಾಮಾನು ಇದೆಯೋ ಇಲ್ಲವೋ ಎಂದು ಯಾರು ನೋಡುತ್ತಾರೆ?

ತಿತಿಮತಿಯಲ್ಲಿರುವ ನನ್ನ ಅಕ್ಕನಿಗೆ ಫೋನ್ ಮಾಡಿದೆ. “ಅಕ್ಕಾ, ಆ ಮಡಕೆಯೊಳಗೆ ಎಂತ ಇತ್ತು?”

“ಯಾವ ಮಡಕೆ? ಕಥೇದಾ? ನಾನು ನಿನಗಿಂತ ಮೊದ್ಲೇ ಮಲಗ್ತಿದ್ದೆ ಮಾರಾಯ್ತಿ. ಈ ವಯಸ್ಸಲ್ಲಿ ನಿಂಗೆ ಅರ್ಧ ರಾಜ್ಯ ಬೇಕಾಯ್ತಾ?”

ಧನ್ಯಳಿಗೆ ಹೇಳಿಬಿಡಬಹುದಿತ್ತು. ಆದರೆ ಅವಳು ಅಷ್ಟರಲ್ಲಿ ನನ್ನ ಫೋಟೋ ಹಾಕಿ, ಕೆಳಗೆ ‘ಕಥೆಗಳ ಕಣಜ’ ಎಂದು ಬರೆದು ಎಲ್ಲರಿಗೂ ಕಳಿಸಿಯಾಗಿತ್ತು. ಅರ್ಧ ಕಣಜ ಎಂದು ತಿದ್ದಿಸಲು ನಾಚಿಕೆಯಾಯಿತು. ಇನ್ನೇನು ಮಾಡುವುದು, ಅರಮನೆ ಬರುವಷ್ಟರಲ್ಲಿ ಕೇಳುವವರು ನಿದ್ದೆ ಹೋಗಲಿ ಎಂದು ದೇವರ ಮೇಲೆ ಭಾರ ಹಾಕಿದೆ.

ಭಾನುವಾರ ಸಂಜೆ ನಾಲ್ಕಕ್ಕೆ ರೇಷ್ಮೆ ಸೀರೆ ಉಟ್ಟು, ಚಳಿಗೆ ಮೇಲೊಂದು ಸ್ವೆಟರ್ ಹಾಕಿ, ಅಕ್ಕಿ ಡಬ್ಬಕ್ಕೆ ಒರಗಿಸಿದ ಫೋನಿನ ಮುಂದೆ ಕುಳಿತೆ. ಧನ್ಯ ಪಕ್ಕದ ಕೋಣೆಯಿಂದ ತನ್ನ ಫೋನಿನಲ್ಲಿ ಆಸ್ಥಾನ ನಡೆಸುತ್ತಿದ್ದಳು. ನಲವತ್ತು ಮುಖಗಳು ಸಣ್ಣ ಸಣ್ಣ ಕಿಟಕಿಗಳಲ್ಲಿ ಕುಳಿತಿದ್ದವು. ಕಣ್ಣು ಮುಚ್ಚಿಕೊಂಡು ಶುರು ಮಾಡಿದೆ. ಕಣ್ಣು ಮುಚ್ಚಿದರೆ ನನಗೆ ನಾಚಿಕೆ ಕಡಿಮೆ.

ನಮ್ಮಲ್ಲಿ ಕಥೆ ಕೇಳುವವರು ‘ಹೂಂ’ ಅನ್ನುತ್ತಿರಬೇಕು. ಹೂಂ ಬಂದರೆ ಕಥೆ ಮುಂದೆ, ನಿಂತರೆ ಮಗು ಮಲಗಿತೆಂದು ಅರ್ಥ, ಕಥೆಯೂ ಅಲ್ಲಿಗೇ ನಿಲ್ಲಬೇಕು. ನಿಮ್ಮ ತಾತನೂ ಹೂಂ ಅನ್ನುತ್ತಿದ್ದರು, ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದವರಿಗೆ ಸಾಹುಕಾರರ ಮುಂದೆ ಅಂದು ಅಂದು ಅಭ್ಯಾಸವಾಗಿತ್ತು. ಆದರೆ ಅದು ಕೇಳಿಸಿಕೊಂಡ ಹೂಂ ಅಲ್ಲ. ಮನೆಗೆ ಬೆಂಕಿ ಬಿದ್ದಿದೆ ಎಂದರೂ ಪೇಪರಿನ ಹಿಂದಿನಿಂದ ಅದೇ ಹೂಂ. ಈಗ ಅದಾದರೂ ಇದ್ದಿದ್ದರೆ ಎಂದು ಆಗಾಗ ಅನ್ನಿಸುತ್ತದೆ.

ಆಸ್ಥಾನದಲ್ಲಿ ಒಂದೂ ಹೂಂ ಬರಲಿಲ್ಲ. ಮೊದಲನೇ ಬೆಟ್ಟ, ಇಲ್ಲ. ಎರಡನೇ ಬೆಟ್ಟ, ಇಲ್ಲ. ಮೂರನೆಯದಕ್ಕೆ ನನಗೆ ಆದ ಸಮಾಧಾನ ಹೇಳತೀರದು. ದೇವರು ದೊಡ್ಡವನು, ಎಲ್ಲರೂ ಮಲಗಿದರು! ದನಿ ತಗ್ಗಿಸಿ, “ಮಲಕ್ಕೊಳ್ಳಿ ಮಕ್ಕಳೇ,” ಎಂದು ಫೋನಿನ ಕಡೆ ನೋಡದೆ ಮೆಲ್ಲಗೆ ಎದ್ದು ಅಡುಗೆಮನೆಗೆ ಹೋಗಿ ಕಾಫಿಗೆ ನೀರಿಟ್ಟೆ.

ಧನ್ಯ ಓಡಿ ಬಂದಳು. “ಅಜ್ಜೀ! ಎಂತ ಇದು, ಎದ್ದು ಬಂದುಬಿಟ್ಯಲ್ಲ? ಎಲ್ಲರೂ ಕಾಯ್ತಿದಾರೆ!”

“ಒಬ್ರೂ ಹೂಂ ಅನ್ಲಿಲ್ವಲ್ಲೇ. ನಿದ್ದೆ ಹೋಗಿಲ್ವಾ?”

“ಗಲಾಟೆ ಆಗ್ಬಾರದು ಅಂತ ನಾನೇ ಎಲ್ಲರ ಮೈಕ್ ಆಫ್ ಮಾಡಿದ್ದು!”

ನನ್ನನ್ನು ಕರೆದುಕೊಂಡು ಹೋಗಿ ಮತ್ತೆ ಕೂರಿಸಿ, ಹೂಂ ಅನ್ನಬೇಕೆಂದು ಅವರಿಗೆಲ್ಲ ತಿಳಿಸಿ, ಎಲ್ಲರ ಮೈಕ್ ಹಾಕಿಸಿದಳು. ನಲವತ್ತು ಹೂಂ ಒಟ್ಟಿಗೆ ಬಂತು. ಜೊತೆಗೆ ಯಾರದೋ ಮನೆಯ ಕುಕ್ಕರು ಎರಡು ಸಲ ಕೂಗಿತು. ಇಷ್ಟು ಎಚ್ಚರವಾಗಿರುವ ಜನರನ್ನು ನಾನು ಕಂಡಿರಲಿಲ್ಲ. ನಾಲ್ಕನೇ ಬೆಟ್ಟ, ಹೂಂ. ಐದನೇ ಬೆಟ್ಟವನ್ನು ಎಷ್ಟು ಎಳೆದರೂ ಹೂಂ. ಆರರಲ್ಲಿ ಹುಡುಗಿಗೆ ಮುಳ್ಳು ಚುಚ್ಚಿಸಿ ಕೂರಿಸಿದೆ, ಆದರೂ ಹೂಂ. ಕೊನೆಗೆ ಅರಮನೆಯೂ ಬಂದುಬಿಟ್ಟಿತು, ರಾಜ ‘ಒಡೆ’ ಅಂದುಬಿಟ್ಟ, ಹುಡುಗಿ ಮಡಕೆ ಒಡೆದಳು.

“ಹೂಂ, ಒಳಗೆ ಏನಿತ್ತು?” ಎಂದರು ಕಿರೀಟದವರು, ಕನ್ನಡಕ ಸರಿಮಾಡಿಕೊಂಡು.

ಸುಳ್ಳು ಹೇಳೋಣವೆಂದರೆ ಒಂದೂ ಹೊಳೆಯಲಿಲ್ಲ. ಸುಸ್ತೂ ಆಗಿತ್ತು. “ನಂಗೊತ್ತಿಲ್ಲ,” ಅಂದೆ. “ನಮ್ಮವ್ವ ಅಲ್ಲಿಗೆ ಬರೋ ಹೊತ್ತಿಗೆ ನಾನು ಮಲಗಿಬಿಟ್ಟಿದ್ದೆ.”

ಧನ್ಯಳ ಮಾನ ಹೋಯಿತೆಂದುಕೊಂಡೆ. ಅಷ್ಟರಲ್ಲಿ ಕಿರೀಟದವರು, “ಆಹಾ! ಎಂಥ ಮುಕ್ತಾಯ!” ಎಂದರು. ಇನ್ನೊಬ್ಬರು, “ಒಳಗೆ ಹಸಿವು ಇತ್ತು, ಆ ರಾಜ ಕಾಣದ್ದು ಅದೇ,” ಎಂದರು. ಮತ್ತೊಬ್ಬರು ಖಾಲಿ ಮಡಕೆ ಎಂದರು. ಅರ್ಧ ಗಂಟೆ ಜಗಳ. ಕಾವ್ಯ ಓದಲು ಕಾಯುತ್ತಿದ್ದವರೊಬ್ಬರು ಸಿಟ್ಟಿನಿಂದ ಕಿಟಕಿ ಮುಚ್ಚಿಕೊಂಡು ಹೋದರು. ಧನ್ಯಳ ಮುಖ ಮಾತ್ರ ಹೊಸ ಬಲ್ಬಿನಂತೆ ಹೊಳೆಯುತ್ತಿತ್ತು.

ಕೂಟ ಮುಗಿದ ಮೇಲೆ ಅವಳು ನನ್ನ ಪಕ್ಕ ಕುಳಿತು ಕೇಳಿದಳು: “ಈಗ ನಂಗೊಬ್ಬಳಿಗೆ ಹೇಳಜ್ಜಿ, ಏನಿತ್ತು?” ಗೊತ್ತಿಲ್ಲ ಎಂದು ಆಣೆ ಮಾಡಿದೆ. ನಂಬಲಿಲ್ಲ. ಧನ್ಯಳಿಂದ ಸುದ್ದಿ ತಿಳಿದ ಅಕ್ಕ ಫೋನ್ ಮಾಡಿ, “ಅವತ್ತು ನನ್ನನ್ನೇ ಪರೀಕ್ಷೆ ಮಾಡಿದ್ಯಾ ಕಳ್ಳಿ?” ಎಂದಳು. ನಿಜ ಹೇಳಿ ಹೇಳಿ ನನಗೆ ಸಾಕಾಯಿತು.

ಇವತ್ತು ಬೆಳಿಗ್ಗೆ ಸೊಸೆ ಭವಾನಿ, ಮೂವತ್ತು ವರ್ಷದಲ್ಲಿ ಸಾಂಬಾರಿಗೆ ಉಪ್ಪು ಎಷ್ಟು ಎಂದೂ ನನ್ನನ್ನು ಕೇಳದವಳು, ನಾನು ಕೇಳದೆಯೇ ಎರಡನೇ ಲೋಟ ಕಾಫಿ ತಂದುಕೊಟ್ಟು, “ಅತ್ತೆ, ಆ ಮಡಕೇಲಿ...” ಎಂದು ಮೆಲ್ಲಗೆ ರಾಗ ಎಳೆದಳು. ಗೊತ್ತಿಲ್ಲ ಎನ್ನಲು ಬಾಯಿ ತೆರೆದೆ. ಕಾಫಿ ನೋಡಿದೆ. ಕೆನೆಯೂ ಹಾಕಿದ್ದಳು. ಸುಮ್ಮನೆ ನಕ್ಕು, “ಸಮಯ ಬಂದಾಗ ಹೇಳ್ತೀನಿ ಕಣವ್ವ,” ಎಂದುಬಿಟ್ಟೆ.