ಒಲೆ ಹಚ್ಚದ ಅಡುಗೆ

ನಮ್ಮ ಮನೆಗೆ ಯಾರೇ ಬರಲಿ, ಅವರಿಗೆ ಮಂಡಕ್ಕಿ-ಮಿರ್ಚಿಯೇ ಗತಿ. ನನ್ನ ಶ್ರೀಮತಿ ಕಾವ್ಯಾ ದಾವಣಗೆರೆಯವಳು. ಚಂದಾಪುರದ ಅಪಾರ್ಟ್‌ಮೆಂಟಿಗೆ ಬಂದು ಇಷ್ಟು ವರ್ಷವಾದರೂ ಅವಳ ಬಾಣಲೆ ಮಾತ್ರ ಊರು ಬಿಟ್ಟಿಲ್ಲ. ಹಾಗಾಗಿ ನಮ್ಮ ಮ್ಯಾನೇಜರ್ ಶಿವಶಂಕರ್ ಸಪತ್ನೀಕರಾಗಿ ಚಿತ್ತೈಸುತ್ತಾರೆಂದು ಗೊತ್ತಾದಾಗ ನಾನು ಘೋಷಿಸಿಯೇಬಿಟ್ಟೆ.

"ಈ ಸಲ ತಿಂಡಿ ನಂದು. ಮಸಾಲೆ ಎಣ್ಣೆಯಲ್ಲಿ ನೆನೆಸಿದ ಆಲಿವ್ ಕಾಯಿ. ಒಲೆ ಹಚ್ಚೋದೇ ಬೇಡ!"

"ಒಲೆ ಎಲ್ಲಿದೆ ಅಂತ ಗೊತ್ತಿದ್ರೆ ತಾನೇ ಹಚ್ಚೋದು? ಆಯ್ತು ರೀ, ಪಂಥ. ಬಂದವರು 'ಇನ್ನೂ ಸ್ವಲ್ಪ ಕೊಡಿ' ಅಂತ ಕೇಳಿದ್ರೆ ನೀವು ಗೆದ್ರಿ. ಇಲ್ಲಾಂದ್ರೆ ಇನ್ಮೇಲೆ ಯಾರು ಬಂದ್ರೂ ಮಿರ್ಚಿ ಕರಿಯೋದು ನೀವೇ."

ಒಪ್ಪಿಕೊಂಡೆ. (ಮದುವೆಯಾದ ಮೇಲೆ ನಾನು ಒಪ್ಪಿಕೊಳ್ಳದ ವಿಷಯ ಯಾವುದೂ ನೆನಪಿಲ್ಲ.)

ಅವರು ಬರುವ ಹಿಂದಿನ ರಾತ್ರಿ ಶೀಶೆಯ ಆಲಿವ್ ಬೋಗುಣಿಗೆ ಸುರಿದೆ. ಬೆಳ್ಳುಳ್ಳಿ ಜಜ್ಜಿ ಹಾಕಿ, ನಿಂಬೆ ಸಿಪ್ಪೆ ತುರಿದು, ಒಣಮೆಣಸಿನಕಾಯಿ ಚೂರು ಉದುರಿಸಿ, ದುಬಾರಿ ಆಲಿವ್ ಎಣ್ಣೆಯಲ್ಲಿ ಮುಳುಗಿಸಿ, ತಟ್ಟೆ ಮುಚ್ಚಿಟ್ಟು ಮಲಗಿದೆ.

ಬೆಳಿಗ್ಗೆ ನೋಡಿದರೆ ಬೋಗುಣಿಯಲ್ಲಿ ಎಣ್ಣೆಯೇ ಇಲ್ಲ! ಆಲಿವ್‌ಗಳು ಒಂದು ತಟ್ಟೆಯಲ್ಲಿ ಸುಕ್ಕುಗಟ್ಟಿ ಬಿದ್ದಿದ್ದವು. ಹಾಲ್‌ನಲ್ಲಿ ನನ್ನ ಅವ್ವ ಗಂಗಮ್ಮ ಸೀರೆ ಎತ್ತಿ ಕಟ್ಟಿ, ಆ ಎಣ್ಣೆಯನ್ನು ಬಾಟಲಿಗೆ ತುಂಬಿ ಪಕ್ಕದಲ್ಲಿಟ್ಟುಕೊಂಡು ಮಂಡಿ ತಿಕ್ಕಿಕೊಳ್ಳುತ್ತಿದ್ದಳು.

"ಕೊನಿಗೂ ನನ್ ಮಂಡಿ ನೆನಪಾತಲ್ಲೋ ಗುರು! ಬೆಳ್ಳುಳ್ಳಿ ಎಣ್ಣಿ ಮಾಡಿಟ್ಟೀಯಲ್ಲ, ನನ್ನಪ್ಪ! ಏನು ಚುರುಚುರು ಅಂತೈತಿ! ಅದರಾಗಿನ ಕಾಯಿ ಹಿಂಡಿ ತಗದಿಟ್ಟೀನಿ ನೋಡು."

ಅವಳ ಕಣ್ಣು ತುಂಬಿ ಬಂದಿತ್ತು. ಇಂಥ ಹೊತ್ತಿನಲ್ಲಿ ನಿಜ ಹೇಳುವ ಗಂಡಸು ಯಾರಿದ್ದಾನೆ?

"ಹೂಂ ಅವ್ವ, ನಿನಗೇ ಮಾಡಿದ್ದು" ಎಂದೆ. ಅಡುಗೆಮನೆಯಲ್ಲಿ ಕಾವ್ಯಾಗೆ ಇದ್ದಕ್ಕಿದ್ದಂತೆ ಕೆಮ್ಮು ಬಂತು.

ಸಂಜೆ ಲಿಫ್ಟ್ ಕೆಟ್ಟಿತ್ತು. ಮೆಟ್ಟಿಲು ಹತ್ತಿ ಬಂದ ಶಿವಶಂಕರ್ ಅದೇ ಸುಕ್ಕುಗಟ್ಟಿದ ಆಲಿವ್ ಒಂದನ್ನು ಬಾಯಿಗೆ ಹಾಕಿಕೊಂಡು, "ಡಿಫರೆಂಟಾಗಿದೆ" ಎಂದು ಒಂದು ಚೊಂಬು ನೀರು ಕುಡಿದರು. ಅವರ ಹೆಂಡತಿ ಶ್ಯಾಮಲಾ ಮೇಡಂ ತಟ್ಟೆಯ ಕಡೆಗೇ ನೋಡಲಿಲ್ಲ. ಮಂಡಿ ಹಿಡಿದುಕೊಂಡು ಸೋಫಾದಲ್ಲಿ ಕುಸಿದಿದ್ದರು.

ಅವ್ವ ಸುಮ್ಮನಿರುತ್ತಾಳೆಯೇ? ಅವರನ್ನು ಒಳಕೋಣೆಗೆ ಕರೆದೊಯ್ದು, ಉಳಿದಿದ್ದ ಎಣ್ಣೆಯನ್ನೆಲ್ಲ ತಿಕ್ಕಿಬಿಟ್ಟಳು. ಸ್ವಲ್ಪ ಹೊತ್ತಿಗೆ ಮೇಡಂ ನಗುನಗುತ್ತಾ ಹೊರಗೆ ಬಂದರು.

"ಗುರುರಾಜ್ ಅವರೇ, ನೀವೇ ಮಾಡಿದ್ದಂತೆ! ಎಷ್ಟು ಹಾಯಾಗಿದೆ! ಇನ್ನೂ ಸ್ವಲ್ಪ ಕೊಡಿ, ಮನೆಗೆ ತಗೊಂಡು ಹೋಗ್ತೀನಿ."

ನಾನು ಅಡುಗೆಮನೆಗೆ ಓಡಿದೆ. "ಕೇಳಿಸ್ತಾ? ಇನ್ನೂ ಸ್ವಲ್ಪ ಕೊಡಿ ಅಂದ್ರು! ಗೆದ್ದೆ!"

"ಪಂಥ ಕಟ್ಟಿದ್ದು ಬಾಯಿಗೆ ಹಾಕ್ಕೊಳ್ಳೋದಕ್ಕೆ ರೀ, ಮಂಡಿಗೆ ಹಚ್ಕೊಳ್ಳೋದಕ್ಕಲ್ಲ" ಎಂದು ಕಾವ್ಯಾ ಕಡಲೆಹಿಟ್ಟಿನ ಬೋಗುಣಿಯನ್ನು ನನ್ನ ಕಡೆ ತಳ್ಳಿದಳು.

ಅತ್ತ ಅವ್ವ ಅಭಯ ನೀಡುತ್ತಿದ್ದಳು. "ವಾರಾ ವಾರಾ ಮಾಡಿಕೊಡ್ತಾನ ಬಿಡವ್ವ. ಈ ಸಲ ಹಸೀ ಎಣ್ಣಿ ಇಟ್ಟಿದ್ದ. ಮುಂದಿನ ಸಲ ಚಲೋತ್ನಾಗಿ ಕಾಯ್ಸಿ ಕೊಡ್ತಾನ."

ಹೀಗಾಗಿ ಈಗ ಎಣ್ಣೆ ಒಯ್ಯಲು ಮೇಡಂ ಬರುವ ಭಾನುವಾರ ಬಂತೆಂದರೆ ನಮ್ಮ ಮನೆಯ ಒಂದು ಒಲೆಯ ಮೇಲೆ ಮಿರ್ಚಿ, ಇನ್ನೊಂದರ ಮೇಲೆ ಬೆಳ್ಳುಳ್ಳಿ ಎಣ್ಣೆ. ಎರಡರ ಮುಂದೆಯೂ ನಾನೇ.